ರಿಫ್ರೆಶ್ ಒತ್ತಿದರೆ ರ್‍ಯಾಮ್ ಖಾಲಿಯಾಗುವುದಿಲ್ಲ

ಧಾರವಾಡದ ಸಪ್ತಾಪುರದಲ್ಲಿ ಪರೀಕ್ಷೆಗೆ ಓದುವವರ ಕೋಣೆಗಳಲ್ಲಿ, ಹುಬ್ಬಳ್ಳಿಯ ಎಷ್ಟೋ ಮನೆಗಳಲ್ಲಿ ಹಳೆಯ ಕಂಪ್ಯೂಟರ್‌ಗಳು ಇನ್ನೂ ದುಡಿಯುತ್ತಿವೆ. ಅವು ನಿಧಾನವಾದಾಗ ನೆನಪಾಗುವುದು ವಾಟ್ಸ್‌ಆ್ಯಪ್‌ನಲ್ಲಿ ಸುತ್ತುವ ಸಲಹೆ: ರಿಫ್ರೆಶ್ ಮಾಡುವ ಎಫ್5 ಕೀಲಿಯನ್ನು ಹತ್ತಾರು ಸಲ ಒತ್ತಿ, ರ್‍ಯಾಮ್ (ಕಂಪ್ಯೂಟರ್ ಕೆಲಸ ಮಾಡುವಾಗ ಬಳಸುವ ತಾತ್ಕಾಲಿಕ ಮೆಮೊರಿ) ಖಾಲಿಯಾಗಿ ವೇಗ ಹೆಚ್ಚುತ್ತದೆ. ಕಳಿಸುವವರ ಉದ್ದೇಶ ಒಳ್ಳೆಯದೇ, ಆದರೆ ಮಾತು ನಿಜವಲ್ಲ.

ವಿಂಡೋಸ್ ಡೆಸ್ಕ್‌ಟಾಪ್‌ನಲ್ಲಿ ರಿಫ್ರೆಶ್ ಮಾಡಿದರೆ ಅಲ್ಲಿನ ಐಕಾನ್‌ಗಳು ಮತ್ತೊಮ್ಮೆ ಮೂಡುತ್ತವೆ, ಅಷ್ಟೇ. ಈಗಷ್ಟೇ ಉಳಿಸಿದ ಕಡತ ಕಾಣದಿದ್ದಾಗ ಅದು ಉಪಯೋಗಕ್ಕೆ ಬರುತ್ತದೆ.

ನನ್ನ ಮಾತನ್ನೂ ಹಾಗೆಯೇ ನಂಬಬೇಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ, ಯಾವ ಪ್ರೋಗ್ರಾಂ ಎಷ್ಟು ಮೆಮೊರಿ ಬಳಸುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಮೆಮೊರಿ ಶೇಕಡಾ ಎಷ್ಟೆಂದು ಬರೆದಿಟ್ಟುಕೊಳ್ಳಿ. ಡೆಸ್ಕ್‌ಟಾಪ್ ಮೇಲೆ ಕ್ಲಿಕ್ ಮಾಡಿ 20 ಸಲ ಎಫ್5 ಒತ್ತಿ, ಮತ್ತೆ ನೋಡಿ. ಒಂದೆರಡು ಅಂಕಿ ಏರಿಳಿದರೆ ಅವಸರಪಡಬೇಡಿ. ಏನೂ ಒತ್ತದೆ ಒಂದು ನಿಮಿಷ ಕುಳಿತು ನೋಡಿದರೂ ಆ ಅಂಕಿ ಅಲುಗಾಡುತ್ತಲೇ ಇರುತ್ತದೆ. ವೇಗದ ಬಗ್ಗೆ ಮುಂದೆ ಬರುವ ಯಾವ ಸಲಹೆಗಾದರೂ ಇದೇ ಅಳತೆ ಹಚ್ಚಿ: ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು, ಏನೂ ಮಾಡದಿದ್ದರೆ ಎಷ್ಟಿರುತ್ತದೆ.

ನಿಜವಾದ ಪರಿಹಾರವೂ ಅದೇ ಕಿಟಕಿಯಲ್ಲಿದೆ, ಬಿಡಿಗಾಸೂ ಬೇಡ. ‘ಮೆಮೊರಿ’ ಎಂಬ ಶೀರ್ಷಿಕೆ ಒತ್ತಿದರೆ ಹೆಚ್ಚು ಜಾಗ ನುಂಗುತ್ತಿರುವ ಪ್ರೋಗ್ರಾಂ ಮೇಲೆ ಬರುತ್ತದೆ. ಬಹಳ ಸಲ ಅದು ಬ್ರೌಸರ್. ‘ಸ್ಟಾರ್ಟಪ್’ ವಿಭಾಗದಲ್ಲಿ, ಕಂಪ್ಯೂಟರ್ ಜೊತೆಗೇ ಏಳುವ ಅನಗತ್ಯ ಪ್ರೋಗ್ರಾಂಗಳನ್ನು ನಿಲ್ಲಿಸಿ. ಗುರುತು ಸಿಗದ ಹೆಸರುಗಳನ್ನು ಮುಟ್ಟಬೇಡಿ. ವಾರಕ್ಕೊಮ್ಮೆಯಾದರೂ ‘ರೀಸ್ಟಾರ್ಟ್’ ಮಾಡಿ. ವಿಂಡೋಸ್ 8ರಿಂದೀಚೆಗೆ ಬಂದ ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ, ‘ಶಟ್ ಡೌನ್’ ಮಾಡಿದಾಗ ವ್ಯವಸ್ಥೆಯ ಒಂದು ಭಾಗ ಹಾಗೆಯೇ ಡಿಸ್ಕ್‌ನಲ್ಲಿ ಉಳಿದು ಮರಳಿ ಏಳುತ್ತದೆ. ರೀಸ್ಟಾರ್ಟ್‌ನಲ್ಲಿ ಎಲ್ಲವೂ ಹೊಸದಾಗಿ ಶುರುವಾಗುತ್ತದೆ.