ಹಂಡೆಯ ಸ್ವಿಚ್ಚು ಮತ್ತು ಮೇಯೋ ಶಾಪ

ಐರಿಷ್ ಜನ ಯಾವುದನ್ನೂ ನೇರವಾಗಿ ಹೇಳುವುದಿಲ್ಲ. ಇದು ದೂರಲ್ಲ, ಬ್ಯಾಲಿನಾ ಊರಿನಲ್ಲಿ ಮನೆ ಮಾಡಿಕೊಂಡು ಕಣ್ಣಾರೆ ಕಂಡಿದ್ದು. ದೇಶದ ಪಶ್ಚಿಮಕ್ಕಿರುವ ಮೇಯೋ ಕೌಂಟಿ, ಪಕ್ಕದಲ್ಲೇ ಮೋಯ್ ನದಿ. ಹೆಂಡತಿ ನರ್ಸ್, ನಾನು ಮನೆಯಲ್ಲಿ ಕೂತು ಕಂಪ್ಯೂಟರ್ ಕುಟ್ಟುವವನು. ಹಾಗಾಗಿ ಅಕ್ಕಪಕ್ಕದವರನ್ನು ಗಮನಿಸಲು ನನಗೆ ಬೇಕಾದಷ್ಟು ಸಮಯ.

ಮನೆಯ ಛಾವಣಿ ಹಾರಿಹೋಗುವಂತೆ ಗಾಳಿ ಬೀಸುತ್ತಿದ್ದರೂ ಇವರು "ಇವತ್ತು ಸ್ವಲ್ಪ ಗಾಳಿ ಇದೆ ಅಲ್ವಾ" ಅನ್ನುತ್ತಾರೆ. ಕಾಲು ಮುರಿದುಕೊಂಡು ಪ್ಲಾಸ್ಟರ್ ಹಾಕಿಸಿಕೊಂಡವರನ್ನು ಹೇಗಿದ್ದೀರಿ ಅಂತ ಕೇಳಿದರೆ "ದೂರು ಹೇಳೋಕೆ ಏನಿದೆ" ಅನ್ನುತ್ತಾರೆ. ಫೋನ್ ಇಡುವುದೂ ಸುತ್ತುಬಳಸಿಯೇ. ಬೈ, ಬೈ ಬೈ, ಬೈ ಬೈ ಬೈ ಅಂತ ದನಿ ಇಳಿಸುತ್ತಾ ಹೋಗುತ್ತಾರೆ. ಫೋನು ಕಿವಿ ಬಿಟ್ಟು ಜೇಬು ಸೇರಿದ ಮೇಲೂ ಬಾಯಿ ಇನ್ನೂ ಬೈ ಅನ್ನುತ್ತಿರುತ್ತದೆ.

ವಾರವೆಲ್ಲ ಹೀಗೆ ನುಂಗಿಕೊಂಡಿದ್ದನ್ನು ಎಲ್ಲಾದರೂ ಹೊರಹಾಕಬೇಕಲ್ಲ? ಅದಕ್ಕೇ ಗೇಲಿಕ್ ಫುಟ್ಬಾಲ್ ಇರುವುದು ಅಂತ ನನ್ನ ವಾದ. ಪುಸ್ತಕದಲ್ಲಿ ಬೇರೆ ಕಾರಣ ಬರೆದಿದ್ದಾರೆ. 1884ರ ನವೆಂಬರ್ 1ರಂದು ಥರ್ಲ್ಸ್ ಊರಿನ ಒಂದು ಹೋಟೆಲಿನಲ್ಲಿ ಮೈಕಲ್ ಕ್ಯೂಸಾಕ್ ಮುಂತಾದವರು ಸೇರಿ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಶುರು ಮಾಡಿದರು. ಬ್ರಿಟಿಷರ ಆಟಗಳ ಅಬ್ಬರದಲ್ಲಿ ನಮ್ಮವು ಸಾಯಬಾರದು ಅನ್ನೋದು ಅವರ ಉದ್ದೇಶ. ಅದು ನಿಜವೇ. ಆದರೆ ಆ ಕಾರಣ ಓದಿದವರು ನಮ್ಮ ಪಕ್ಕದ ಮನೆ ಅಜ್ಜಿಯನ್ನು ಮೈದಾನದಲ್ಲಿ ನೋಡಿಲ್ಲ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಂದೊಂದು ಕಡೆ 15 ಜನ. ಚೆಂಡನ್ನು ಕೈಯಲ್ಲೂ ಹಿಡಿಯಬಹುದು, ಕಾಲಲ್ಲೂ ಒದೆಯಬಹುದು. ಕೈಯಲ್ಲಿಟ್ಟುಕೊಂಡು ನಾಲ್ಕು ಹೆಜ್ಜೆ ಓಡಬಹುದು. ಆಮೇಲೆ ನೆಲಕ್ಕೆ ಪುಟಿಸಬೇಕು, ಇಲ್ಲವೇ ಕಾಲ್ಬೆರಳಿಂದ ಮೇಲಕ್ಕೆ ಚಿಮ್ಮಿಸಿ ಮತ್ತೆ ಹಿಡಿಯಬೇಕು. ಸತತ ಎರಡು ಸಲ ಪುಟಿಸುವ ಹಾಗಿಲ್ಲ. ಗೋಲು ಕಂಬಗಳು ಇಂಗ್ಲಿಷಿನ ಎಚ್ ಅಕ್ಷರದ ಆಕಾರದಲ್ಲಿವೆ. ಅಡ್ಡಪಟ್ಟಿಯ ಕೆಳಗೆ ಬಲೆಗೆ ಬಿದ್ದರೆ ಗೋಲು, ಮೂರು ಪಾಯಿಂಟ್. ಪಟ್ಟಿಯ ಮೇಲಿಂದ ಹೋದರೆ ಒಂದು. 2025ರಿಂದ 40 ಮೀಟರಿನ ಗೆರೆಯಾಚೆಯಿಂದ ಒದ್ದು ಪಟ್ಟಿ ದಾಟಿಸಿದರೆ ಎರಡು. ಈ ಹೊಸ ನಿಯಮ ಬರುವ ಮುಂಚೆ ಪಬ್ಬಿನಲ್ಲಿ ಎಲ್ಲರೂ "ಬರೀ ಹಿಂದಕ್ಕೆ ಪಾಸ್ ಮಾಡ್ತಾರೆ, ಇದೂ ಒಂದು ಆಟವಾ" ಅಂತ ಗೊಣಗುತ್ತಿದ್ದರು. ಈಗ ಅದೇ ಸ್ಟೂಲಿನ ಮೇಲೆ ಕೂತು ಅದೇ ಮಂದಿ "ಮೊದಲಿನ ಆಟವೇ ಆಟ" ಅನ್ನುತ್ತಾರೆ.

ಆಟಗಾರರಿಗೆ ಸಂಬಳ ಇಲ್ಲ. ಇದನ್ನು ನಂಬೋಕೆ ನನಗೆ ಬಹಳ ಕಾಲ ಹಿಡಿಯಿತು. ಡಬ್ಲಿನ್ನಿನ ಕ್ರೋಕ್ ಪಾರ್ಕಿನಲ್ಲಿ 82 ಸಾವಿರ ಜನರ ಮುಂದೆ ಭಾನುವಾರ ಆಡಿದವನು ಸೋಮವಾರ ಶಾಲೆಯಲ್ಲಿ ಪಾಠ ಮಾಡುತ್ತಾನೆ, ಇಲ್ಲವೇ ಹಸುಗಳಿಗೆ ಮೇವು ಹಾಕುತ್ತಾನೆ. ಹರಾಜೂ ಇಲ್ಲ. ಹುಟ್ಟಿದ ಊರಿನ ಕ್ಲಬ್ಬು, ನಿಮ್ಮ ಕೌಂಟಿಯ ಅಂಗಿ, ಅಷ್ಟೆ. ಹಾಗಾಗಿ ಒದ್ದ ಚೆಂಡು ಕಂಬದಿಂದಾಚೆ ಹೋದರೆ ಬೈಸಿಕೊಳ್ಳುವವನು ದೂರದ ಸ್ಟಾರ್ ಅಲ್ಲ. ನಾಳೆ ಅಂಗಡಿಯಲ್ಲಿ ಹಾಲಿನ ಕ್ಯಾನು ಹಿಡಿದು ನಿಮ್ಮ ಹಿಂದೆಯೇ ನಿಂತಿರುತ್ತಾನೆ. ಆಗ "ಹವಾ ಚೆನ್ನಾಗಿದೆ ಅಲ್ವಾ" ಅನ್ನಬೇಕು.

ಇನ್ನು ಮೇಯೋ ಕಥೆ. ಇಡೀ ಐರ್ಲೆಂಡ್ ಗೆದ್ದವರಿಗೆ ಕೊಡುವ ಸ್ಯಾಮ್ ಮೆಗ್ವಾಯರ್ ಕಪ್ಪನ್ನು ಮೇಯೋ ಕೊನೆಯ ಸಲ ಎತ್ತಿದ್ದು 1951ರಲ್ಲಿ. ಅಂದು ಕಪ್ ಹಿಡಿದು ಊರಿಗೆ ಬರುವಾಗ ಫಾಕ್ಸ್‌ಫರ್ಡ್‌ನಲ್ಲಿ ಒಂದು ಶವಯಾತ್ರೆ ಎದುರಾಯಿತಂತೆ. ಗೆದ್ದ ಗುಂಗಿನಲ್ಲಿದ್ದ ಹುಡುಗರು ಲಾರಿ ನಿಲ್ಲಿಸಲಿಲ್ಲವಂತೆ. ಪಾದ್ರಿ ಸಿಟ್ಟಾಗಿ, ಈ ತಂಡದ ಕೊನೆಯ ಮನುಷ್ಯ ಬದುಕಿರುವವರೆಗೂ ಮೇಯೋಗೆ ಕಪ್ ಸಿಗಬಾರದು ಅಂತ ಶಾಪ ಹಾಕಿದರಂತೆ. ಇದಕ್ಕೆ ಯಾವ ಆಧಾರವೂ ಸಿಕ್ಕಿಲ್ಲ. ಆದರೆ ಆಮೇಲಿನ ಫೈನಲ್‌ಗಳನ್ನು ನೋಡಿದರೆ ಎಂಥ ನಾಸ್ತಿಕನೂ ಒಂದು ತೆಂಗಿನಕಾಯಿ ಒಡೆದುಬಿಡೋಣ ಅನ್ನುತ್ತಾನೆ. 1989ರಿಂದ 2021ರವರೆಗೆ ಹನ್ನೊಂದು ಫೈನಲ್ ಸೋತಿದ್ದಾರೆ. 2016ರಲ್ಲಂತೂ ಡಬ್ಲಿನ್ ಎದುರು ತಮ್ಮದೇ ಗೋಲಿಗೆ ಎರಡು ಸಲ ಚೆಂಡು ಹಾಕಿಕೊಂಡರು. ಅಷ್ಟಾದರೂ ಪಂದ್ಯ ಸಮ ಆಯಿತು. ಮತ್ತೆ ಆಡಿಸಿದಾಗ ಒಂದು ಪಾಯಿಂಟಿನಿಂದ ಸೋತರು. ಮುಂದಿನ ವರ್ಷವೂ ಒಂದೇ ಪಾಯಿಂಟು. ಅಂದಿನ ತಂಡದ ಕೊನೆಯ ಆಟಗಾರ ಪ್ಯಾಡಿ ಪ್ರೆಂಡರ್‌ಗಾಸ್ಟ್ ತೀರಿಕೊಂಡಿದ್ದು 2021ರ ಸೆಪ್ಟೆಂಬರಿನಲ್ಲಿ, ಆ ವರ್ಷದ ಫೈನಲ್ ಸೋತ ಕೆಲವೇ ದಿನಗಳ ನಂತರ. ಶಾಪದ ಲೆಕ್ಕ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಈ ತಂಡಕ್ಕೆ ಶಾಪವೂ ಬೇಕಿಲ್ಲ, ಸ್ವಂತ ಸಾಮರ್ಥ್ಯದಿಂದಲೇ ಸೋಲಬಲ್ಲರು.

ಬೆಂಗಳೂರಿನವನಾದ ನನಗೆ ಈ ನೋವು ಹೊಸದೇನಲ್ಲ. ಪಕ್ಕದ ಮನೆ ಯಜಮಾನರಿಗೆ ಆರ್‌ಸಿಬಿ ಕಥೆ ಹೇಳಿದಾಗಿನಿಂದ ನಮಗಿಬ್ಬರಿಗೂ ದೋಸ್ತಿ. "ಈ ಸಲ ಕಪ್ ನಮ್ದೇ" ಅನ್ನೋದನ್ನು ಅವರಿಗೆ ಕಲಿಸಿಕೊಟ್ಟೆ. ನಾಲಿಗೆ ತಿರುಗದಿದ್ದರೂ ಭಾವ ಸರಿಯಾಗಿ ಬರುತ್ತಿತ್ತು. 2025ರ ಜೂನ್ 3ರಂದು ನಮ್ಮವರು ಕೊನೆಗೂ ಗೆದ್ದಾಗ ಇಲ್ಲಿ ಇನ್ನೂ ಬೆಳಕಿತ್ತು. ಕಾಂಪೌಂಡಿನ ಹತ್ತಿರ ಓಡಿಹೋಗಿ ಹದಿನೆಂಟು ವರ್ಷ ಕಾದೆವು ಅಂತ ಕುಣಿದೆ. ಅವರು ಗುಲಾಬಿ ಗಿಡ ಕತ್ತರಿಸುತ್ತಾ "ಹದಿನೆಂಟೇನಾ" ಅಂದರು. ಕೈ ಕುಲುಕಿದರು, ನಿಜ. ಆದರೆ ಮುಖದಲ್ಲಿ, ಪಂಕ್ತಿಯಲ್ಲಿ ಜೊತೆಗೆ ಕೂತವನು ಅರ್ಧ ಊಟಕ್ಕೇ ಎದ್ದುಹೋದನಲ್ಲ ಅನ್ನೋ ಬೇಸರ ಇತ್ತು.

2023ರ ಜುಲೈ 2ರಂದು ಕ್ರೋಕ್ ಪಾರ್ಕಿನಲ್ಲಿ ಕ್ವಾರ್ಟರ್ ಫೈನಲ್. ಮೇಯೋ ಎದುರಿಗೆ ಮತ್ತೆ ಅದೇ ಡಬ್ಲಿನ್. ಯಜಮಾನರು, ಅಜ್ಜಿ, ಅವರ ಮೊಮ್ಮಗ, ಜೊತೆಗೆ ನಾನು, ಅವರ ಕಾರಿನಲ್ಲಿ ಹೊರಟೆವು. ಕಿಟಕಿಗೆ ಹಸಿರು ಕೆಂಪು ಬಾವುಟ. ಡಿಕ್ಕಿಯಲ್ಲಿ ಫಾಯಿಲ್ ಸುತ್ತಿದ ಹ್ಯಾಮ್ ಸ್ಯಾಂಡ್‌ವಿಚ್, ಮೂರು ಫ್ಲಾಸ್ಕ್ ಟೀ. ನನಗೆ ಮಾಂಸ ಆಗಲ್ಲ ಅಂತ ಅಜ್ಜಿಗೆ ಗೊತ್ತು. ಅದಕ್ಕೇ ನನ್ನ ಸ್ಯಾಂಡ್‌ವಿಚ್‌ನಿಂದ ಹ್ಯಾಮ್ ತೆಗೆದುಬಿಟ್ಟಿದ್ದರು. ಬೆಣ್ಣೆಯ ಮೇಲೆ ಹ್ಯಾಮಿನ ಅಚ್ಚು ಮಾತ್ರ ಉಳಿದಿತ್ತು. ಫಾಕ್ಸ್‌ಫರ್ಡ್ ಬಂದಾಗ ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಯಜಮಾನರು ವೇಗವನ್ನೂ ಇಳಿಸಿದರು. ಶವಯಾತ್ರೆ ಏನಾದರೂ ಎದುರಾದರೆ ಈ ಸಲ ನಿಲ್ಲಿಸಬೇಕಲ್ಲ.

ಲಾಂಗ್‌ಫರ್ಡ್ ಹತ್ತಿರ ಬಂದಾಗ ಅಜ್ಜಿ ಮೆಲ್ಲಗೆ ಕೇಳಿದರು. "ಇಮ್ಮರ್ಷನ್ ಆಫ್ ಮಾಡಿದ್ರಾ?"

ಕಾರಿನಲ್ಲಿ ಸಿಡಿಲು ಬಡಿದಂತಾಯಿತು. ಇಮ್ಮರ್ಷನ್ ಅಂದರೆ ಏನು ಅಂತ ಇಲ್ಲಿ ಹೇಳಲೇಬೇಕು. ಹಳೆಯ ಐರಿಷ್ ಮನೆಗಳಲ್ಲಿ ಟವೆಲ್ಲು ಬಟ್ಟೆ ಇಡುವ ಗೂಡಿನೊಳಗೆ ಒಂದು ತಾಮ್ರದ ಹಂಡೆ ಇರುತ್ತದೆ. ಅದರೊಳಗೆ ಕರೆಂಟಿನ ಕಾಯಿಲ್. ಹೊರಗೆ ಎರಡು ಸ್ವಿಚ್ಚು. ಒಂದು ಆನ್ ಆಫ್ ಮಾಡೋಕೆ, ಇನ್ನೊಂದು ಬರೀ ಸಿಂಕಿಗೆ ಸಾಕಾ, ಸ್ನಾನಕ್ಕೂ ಬೇಕಾ ಅಂತ ಆರಿಸೋಕೆ. ಇದನ್ನು ಆಫ್ ಮಾಡದೆ ಮನೆ ಬಿಡುವುದು ಈ ದೇಶದಲ್ಲಿ ದೊಡ್ಡ ಪಾಪ. ಬೇರೆ ಪಾಪಗಳಿಗೆ ಚರ್ಚಿನಲ್ಲಿ ಕ್ಷಮೆ ಇದೆ, ಇದಕ್ಕೆ ಕರೆಂಟ್ ಬಿಲ್ಲು ಬರುತ್ತದೆ.

ಊರಿನವರಿಗೆ ಫೋನ್ ಮಾಡೋಣ ಅಂದರೆ ಊರೆಲ್ಲ ಇದೇ ರಸ್ತೆಯಲ್ಲಿ ನಮ್ಮ ಹಿಂದೆಯೂ ಮುಂದೆಯೂ ಇತ್ತು. ಉಳಿದವಳು ನನ್ನ ಹೆಂಡತಿ ಒಬ್ಬಳೇ. ರಾತ್ರಿ ಪಾಳಿ ಮುಗಿಸಿ ಮಲಗಿದ್ದವಳನ್ನು ಎಬ್ಬಿಸಿದೆ.

"ರೀ, ಈಗಷ್ಟೇ ಕಣ್ಣು ಮುಚ್ಚಿದ್ದೆ."

"ಹೂವಿನ ಕುಂಡದ ಕೆಳಗೆ ಬೀಗದಕೈ ಇದೆಯಂತೆ. ಹೋಗಿ ಸ್ವಿಚ್ ಒತ್ತಿ ಬಾ."

ಪಾಪ, ಹೋದಳು. ಸ್ವಿಚ್ಚಿನ ಮೇಲಿನ ಅಕ್ಷರ ಯಾವತ್ತೋ ಅಳಿಸಿಹೋಗಿತ್ತು, ಕೆಂಪು ದೀಪವೂ ಕೆಟ್ಟಿತ್ತು. ಹೇಳಿದಂತೆ ಒತ್ತಿ ಬಂದು ಮಲಗಿದಳು. ಕಾರಿನಲ್ಲಿ ಎಲ್ಲರೂ ನಿಟ್ಟುಸಿರು ಬಿಟ್ಟರು. ಅಜ್ಜಿ ನನ್ನ ಫೋನು ಕಸಿದುಕೊಂಡು ಅವಳಿಗೆ ದೇವರು ಒಳ್ಳೇದು ಮಾಡಲಿ ಅಂದರು. ಆಮೇಲೆ ಒಂದು ಮೈಲಿ ದೂರದವರೆಗೆ ಬೈ ಬೈ ಅಂದರು.

ಕ್ರೋಕ್ ಪಾರ್ಕಿನಲ್ಲಿ ಎರಡೂ ಕಡೆಯ ಅಭಿಮಾನಿಗಳು ಬೆರೆತೇ ಕೂರುತ್ತಾರೆ. ನಡುವೆ ಬೇಲಿ ಇಲ್ಲ, ಪೊಲೀಸ್ ಸಾಲೂ ಇಲ್ಲ. ಅಜ್ಜಿಯ ಪಕ್ಕ ಡಬ್ಲಿನ್ನಿನ ನೀಲಿ ಅಂಗಿಯ ದೊಡ್ಡ ಆಳು. ಆಟ ಶುರುವಾಗುವ ತನಕ ಇಬ್ಬರೂ ಮಂಡಿನೋವಿನ ಬಗ್ಗೆ ಮಾತಾಡಿಕೊಂಡರು. ಶುರುವಾದ ಮೇಲೆ ಅಜ್ಜಿ ರೆಫರಿಯ ತಂದೆ, ತಾಯಿ, ಕನ್ನಡಕದ ಅಂಗಡಿ, ಯಾರನ್ನೂ ಬಿಡಲಿಲ್ಲ. ಅರ್ಧ ಸಮಯದ ವಿರಾಮದಲ್ಲಿ ಅದೇ ಆಳಿಗೆ ಸ್ಯಾಂಡ್‌ವಿಚ್ ಕೊಟ್ಟರು. ನನ್ನ ಪಾಲಿನ ಹ್ಯಾಮ್ ಎಲ್ಲಿಗೆ ಹೋಯಿತು ಅಂತ ಆಗ ಗೊತ್ತಾಯಿತು. ಮೇಯೋ 12 ಪಾಯಿಂಟಿನಿಂದ ಸೋತಿತು. ಬರುವಾಗ ದಾರಿಯುದ್ದಕ್ಕೂ ನಾಲ್ಕೇ ಮಾತು, ಅದರಲ್ಲಿ ಎರಡು ಮಳೆಯ ಬಗ್ಗೆ.

ಮನೆ ಬಾಗಿಲು ತೆಗೆದರೆ ಒಳಗೆ ಮಂಗಳೂರಿನ ಮೇ ತಿಂಗಳು. ಗೂಡಿನಲ್ಲಿದ್ದ ಟವೆಲ್ಲುಗಳು ಇಸ್ತ್ರಿ ಹಾಕಿದಷ್ಟು ಬಿಸಿ. ಹಂಡೆ ಗುರುಗುಡುತ್ತಿತ್ತು. ಯಜಮಾನರು ಬೆಳಿಗ್ಗೆ ಸರಿಯಾಗಿಯೇ ಆಫ್ ಮಾಡಿದ್ದರು. ಆನ್ ಮಾಡಿದ್ದು ನನ್ನ ಹೆಂಡತಿ. ಅದೂ ಸ್ನಾನದ ಸ್ವಿಚ್ಚಿನಲ್ಲಿ, ಇಡೀ ದಿನ.

ಅಜ್ಜಿ ಹಂಡೆ ನೋಡಿದರು, ನನ್ನನ್ನು ನೋಡಿದರು. "ಅಯ್ಯೋ ಅದಕ್ಕೇನು, ಬಿಸಿನೀರಾದರೂ ಇದೆಯಲ್ಲ" ಅಂದರು. ಅಷ್ಟೇ. ಬಿಲ್ಲಿನ ದುಡ್ಡು ಕೊಡೋಕೆ ಹೋದರೆ ಕೈ ಒದರಿದರು. ತಿಂಗಳುಗಟ್ಟಲೆ ಆ ಮಾತೇ ಎತ್ತಲಿಲ್ಲ. ಎಂದಿನಂತೆ ಸೋಡಾ ಬ್ರೆಡ್ ತಂದುಕೊಟ್ಟರು. ನಮ್ಮ ಹುಳಿಯ ಒಗ್ಗರಣೆಗೆ ಎಂದಿನಂತೆ "ವಾಸನೆ ಬಹಳ... ಬೇರೆ ಥರ ಇದೆ" ಅಂದರು. ನಾನೂ ಮರೆತೆ.

ಮುಂದಿನ ವರ್ಷ ಒಂದು ದಿನ ಕ್ಲಬ್ಬಿನವರೊಬ್ಬರು ಗೇಟಿನ ಹತ್ತಿರ ನಿಂತು ಹವಾಮಾನದ ಬಗ್ಗೆ ಬಹಳ ಹೊತ್ತು ಮಾತಾಡಿದರು. ಹೊರಡುವಾಗ ತಿರುಗಿ, "ಶನಿವಾರ ಬೆಳಿಗ್ಗೆ ನಿಮಗೆ ಬಿಡುವಿರಲ್ಲ ಅಲ್ವಾ" ಅಂದರು. ಇದೆಯಲ್ಲ ಅಂದೆ. ಶನಿವಾರ ನಾನು ಬಿಳಿ ಕೋಟು ಹಾಕಿಕೊಂಡು, ಹದಿನಾಲ್ಕರ ಒಳಗಿನ ಹುಡುಗರ ಮ್ಯಾಚಿನಲ್ಲಿ, ಗೋಲು ಕಂಬದ ಪಕ್ಕ ನಿಂತಿದ್ದೆ. ಕಾಲ ಬಳಿ ಎರಡು ಬಾವುಟ. ಗೋಲಿಗೆ ಹಸಿರು, ಪಾಯಿಂಟಿಗೆ ಬಿಳಿ. ಎರಡೂ ಅಲ್ಲದಿದ್ದರೆ ಕೈ ಎರಡನ್ನೂ ತಲೆ ಮೇಲೆ ಎತ್ತಿ ಅಡ್ಡ ಬೀಸಬೇಕು, ಅದು ವೈಡ್. ಇನ್ನೊಂದು ಕಂಬದ ಹತ್ತಿರ ಒಬ್ಬ ವಯಸ್ಸಾದ ರೈತರು. ಅಟ್ಲಾಂಟಿಕ್ ಗಾಳಿಗೆ ನನ್ನ ಕೋಟು ಹಾಯಿಯ ಹಾಗೆ ಉಬ್ಬಿ ನನ್ನನ್ನೇ ಪಕ್ಕದ ಕೌಂಟಿಗೆ ಒಯ್ಯುತ್ತಿತ್ತು.

ಕೊನೆಯ ನಿಮಿಷ, ಸ್ಕೋರ್ ಸಮ. ಅಜ್ಜಿಯ ಮೊಮ್ಮಗ ಒದ್ದ. ಚೆಂಡು ಕಂಬದ ತುದಿಗಿಂತ ಎಷ್ಟೋ ಎತ್ತರಕ್ಕೆ ಹೋಯಿತು. ಗಾಳಿ ಅದನ್ನು ಎಡಕ್ಕೆ ತಳ್ಳಿತು, ಬಲಕ್ಕೆ ಎಳೆಯಿತು, ನನ್ನ ನೆತ್ತಿಯ ಮೇಲೆ ಒಂದು ಕ್ಷಣ ಯೋಚನೆ ಮಾಡಿತು. ರೈತರ ಕಡೆ ನೋಡಿದೆ. ಅವರು ಶೂ ಲೇಸು ಕಟ್ಟಿಕೊಳ್ಳುತ್ತಿದ್ದರು. ಅವರು ಹಾಕಿದ್ದಿದ್ದು ಗಮ್‌ಬೂಟು! ಚೆಂಡು ಕಂಬದ ಹೊರಗೆ ಹೋದಂತೆ ಕಂಡಿತು. ಕೈ ಎತ್ತಿ ಅಡ್ಡ ಬೀಸಿದೆ.

ಗೆರೆಯಾಚೆಯಿಂದ ಪರಿಚಿತ ದನಿಯೊಂದು ಇಡೀ ಮೈದಾನಕ್ಕೆ ಕೇಳುವಂತೆ ಎದ್ದಿತು.

"ಕುರುಡನೇ! ಮೊದಲು ನನ್ನ ಹಂಡೆ, ಈಗ ನನ್ನ ಮೊಮ್ಮಗನ ಪಾಯಿಂಟು!"

ಹಂಡೆಯ ವಿಷಯ ಗೊತ್ತಿಲ್ಲದವರು ಗೊತ್ತಿದ್ದವರನ್ನು ಕೇಳಿದರು. ಸೀಟಿ ಊದುವಷ್ಟರಲ್ಲಿ ಎರಡೂ ಊರಿನವರಿಗೆ ಪೂರ್ತಿ ಗೊತ್ತಾಗಿತ್ತು, ಯೂನಿಟ್ಟಿನ ಲೆಕ್ಕದ ಸಮೇತ. ಪಂದ್ಯ ಸಮದಲ್ಲೇ ಮುಗಿಯಿತು. ಹತ್ತು ನಿಮಿಷ ಕಳೆಯಿತೋ ಇಲ್ಲವೋ, ಅಜ್ಜಿ ಫ್ಲಾಸ್ಕ್ ಹಿಡಿದು ನನ್ನ ಮುಂದೆ ನಿಂತಿದ್ದರು. "ಚಳಿಯಲ್ಲಿ ನಿಂತಿದ್ದಿರಿ, ಪಾಪ" ಅಂತ ಟೀ ಸುರಿದು, ಆಪಲ್ ಟಾರ್ಟಿನ ದೊಡ್ಡ ತುಂಡೊಂದನ್ನು ಕೈಗಿಟ್ಟರು. ಮುಖದಲ್ಲಿ ಸಿಟ್ಟಿನ ಗುರುತೇ ಇಲ್ಲ. ವರ್ಷದ ಬಾಕಿ ತೀರಿದ ನೆಮ್ಮದಿ.

ಅವರು ಆ ಕಡೆ ಹೋದ ಮೇಲೆ ಮೊಮ್ಮಗ ಮೆಲ್ಲಗೆ ನನ್ನ ಪಕ್ಕ ಬಂದ. ಮೊಣಕಾಲೆಲ್ಲ ಕೆಸರು. ಅತ್ತ ಇತ್ತ ನೋಡಿ, "ಅದು ವೈಡೇ" ಅಂದ. "ಅಜ್ಜಿಗೆ ಹೇಳಬೇಡಿ."