‘ಇಲಿಗಳ ಮೇಲೆ’ ಅಂತ ತಲೆಬರಹದಲ್ಲೇ ಹಾಕಿ

ಬದಿಯಡ್ಕದ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಆಗಾಗ ಒಂದು ಸುದ್ದಿ ಬಂದು ಬೀಳುತ್ತದೆ: ‘ಮರೆವಿನ ಕಾಯಿಲೆಗೆ ಕೊನೆಗೂ ಮದ್ದು!’ ಕೂಡಲೇ ಅತ್ತಿಗೆ ಕೇಳುತ್ತಾರೆ, “ಮಂಗಳೂರಲ್ಲಿ ಸಿಗ್ತದಾ?” ಕೊನೆಯ ಸಾಲಿನವರೆಗೆ ಓದಿದರೆ ಮಾತ್ರ ಗೊತ್ತಾಗುತ್ತದೆ, ಅದು ಇಲಿಗಳ ಮೇಲೆ ನಡೆದ ಪ್ರಯೋಗ.

ಇಲಿಗೆ ತಾನಾಗಿ ಆಲ್‌ಝೈಮರ್ ಬರುವುದೇ ಇಲ್ಲ. ಕೆಲವೇ ಕುಟುಂಬಗಳಲ್ಲಿ ಚಿಕ್ಕ ವಯಸ್ಸಿಗೇ ಈ ಕಾಯಿಲೆ ತರುವ ಜೀನ್ ದೋಷವನ್ನು ಇಲಿಗೆ ಸೇರಿಸುತ್ತಾರೆ. ಆಗ ಅದರ ಮಿದುಳಿನಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನ್ ಮುದ್ದೆಗಟ್ಟುತ್ತದೆ. ನಮ್ಮ ಮನೆಗಳಲ್ಲಿರುವ ಹಿರಿಯರಲ್ಲಿ ಹೆಚ್ಚಿನವರಿಗೆ ಆ ದೋಷ ಇರುವುದೇ ಇಲ್ಲ.

ನೆನಪನ್ನು ಅಳೆಯುವುದು ಹೇಗೆ? ದುಂಡಗಿನ ತೊಟ್ಟಿಯಲ್ಲಿ ನೀರು ತುಂಬಿ, ತಳ ಕಾಣದ ಹಾಗೆ ಬೆಳ್ಳಗೆ ಮಾಡುತ್ತಾರೆ. ನೀರಿನ ಮಟ್ಟಕ್ಕಿಂತ ತುಸು ಕೆಳಗೆ ನಿಲ್ಲಲು ಒಂದು ಸಣ್ಣ ಕಟ್ಟೆ. ಆರೋಗ್ಯವಾಗಿರುವ ಇಲಿ ಕೆಲವು ದಿನಗಳಲ್ಲಿ ಜಾಗ ಕಲಿತು ನೇರ ಅಲ್ಲಿಗೇ ಈಜುತ್ತದೆ. ಕಾಯಿಲೆಯದ್ದು ಸುತ್ತುತ್ತಲೇ ಇರುತ್ತದೆ. ಮದ್ದು ಕೊಟ್ಟ ಮೇಲೆ ಬೇಗ ತಲುಪಿದರೆ, ‘ನೆನಪು ಮರಳಿತು’ ಅಂತ ಸುದ್ದಿ.

ನಮ್ಮ ದೊಡ್ಡಮ್ಮನ ಮುಂದೆ ಅಡಿಕೆ ಸುರಿದರೆ ಈಗಲೂ ಚಕಚಕ ಸುಲಿಯುತ್ತಾರೆ. ಸಿಪ್ಪೆ ಒಂದು ಕಡೆ, ಅಡಿಕೆ ಇನ್ನೊಂದು ಕಡೆ, ಸ್ವಲ್ಪವೂ ಬೆರಕೆಯಿಲ್ಲ. ಆದರೆ ಎದುರು ಕೂತ ಸ್ವಂತ ಮಗನನ್ನೇ “ನೀವು ಯಾರ ಮನೆಯವರು?” ಎಂದು ಕೇಳುತ್ತಾರೆ. ಇದನ್ನು ಆ ತೊಟ್ಟಿ ಅಳೆಯುವುದಾದರೂ ಹೇಗೆ?

1999ರಲ್ಲಿ ಒಂದು ಲಸಿಕೆ ಇಲಿಗಳ ಮಿದುಳಿನ ಅಮಿಲಾಯ್ಡ್ ತೊಳೆದುಹಾಕಿತ್ತು. ಎಲ್ಲರಿಗೂ ಎಷ್ಟು ಆಸೆ! ಜನರಿಗೆ ಕೊಟ್ಟಾಗ ನೂರಕ್ಕೆ ಸುಮಾರು ಆರು ಮಂದಿಗೆ ಮಿದುಳಿನ ಉರಿಯೂತ ಬಂತು. 2002ರಲ್ಲಿ ನಿಲ್ಲಿಸಬೇಕಾಯಿತು. ಮುಂದೆ ನೋಡಿದರೆ, ಅಮಿಲಾಯ್ಡ್ ಪೂರ್ತಿ ಕರಗಿದ್ದ ಕೆಲವರಲ್ಲೂ ಮರೆವು ಏರುತ್ತಲೇ ಹೋಗಿತ್ತು.

ಹಾಗಂತ ಇಲಿಗಳ ಪ್ರಯೋಗ ಸುಮ್ನೆ ಅಂತ ನಾನು ಹೇಳುವುದಿಲ್ಲ. ಅಮಿಲಾಯ್ಡ್ ತೆಗೆಯುವ ಅದೇ ದಾರಿಯಲ್ಲಿ ಬಂದ ಲೆಕಾನೆಮಾಬ್ ಎಂಬ ಮದ್ದಿಗೆ 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಒಪ್ಪಿಗೆ ಸಿಕ್ಕಿತು. ಕಾಯಿಲೆ ಶುರುವಿನ ಹಂತದಲ್ಲಿ ಇರುವವರಿಗೆ ಮಾತ್ರ ಅದು. 18 ತಿಂಗಳ ಪ್ರಯೋಗದಲ್ಲಿ ಕುಸಿತದ ವೇಗ ಸುಮಾರು ಶೇ 27ರಷ್ಟು ತಗ್ಗಿತು, ಅಷ್ಟೇ. ಹೋದ ನೆನಪನ್ನು ಅದು ತರುವುದಿಲ್ಲ. ಮಿದುಳು ಬಾತುಕೊಳ್ಳುವ, ರಕ್ತ ಒಸರುವ ಅಪಾಯವೂ ಇದೆ.

ಸುದ್ದಿ ಬರೆಯುವವರೇ, ಒಂದು ತಲೆಬರಹ ನಂಬಿ ನಮ್ಮಣ್ಣ ಆನ್‌ಲೈನಲ್ಲಿ ಯಾವುದೋ ಕ್ಯಾಪ್ಸೂಲ್ ತರಿಸಿದ್ದ. ಹಣಕ್ಕಿಂತ ಜಾಸ್ತಿ ನೋವಾದದ್ದು, ಡಬ್ಬಿ ಖಾಲಿಯಾಗುವವರೆಗೂ ಅವನು ದಿನಾ ಬೆಳಿಗ್ಗೆ “ಅಮ್ಮಾ, ನಾನ್ಯಾರು?” ಅಂತ ಕೇಳುತ್ತಿದ್ದದ್ದು. ‘ಇಲಿಗಳಲ್ಲಿ’ ಅನ್ನುವ ಒಂದೇ ಒಂದು ಪದ ಮೇಲೆ ಹಾಕಲು ಜಾಗ ಇಲ್ವಾ ನಿಮ್ಮಲ್ಲಿ?