ಕೆಸರು, ಕಾರು ಮತ್ತು ನನ್ನ ಬಲಗಾಲು

ಮಳೆ ಹಿಡಿಯಿತು ಅಂದರೆ ಮೊಬೈಲ್ ತುಂಬ ಅದೇ ವಿಡಿಯೋ. ಕೆಸರಿನಲ್ಲಿ ಹೂತ ಜೀಪು, ಗುಂಯ್ಯೆಂದು ಸುತ್ತುವ ಚಕ್ರ, ಪಕ್ಕದಲ್ಲಿ ನಿಂತು "ಕೊಡು ಕೊಡು, ಇನ್ನೂ ಕೊಡು" ಎಂದು ಕೂಗುವ ಗೆಳೆಯರು. ನನಗೆ ಇವರ ಮೇಲೆ ಸಿಟ್ಟಿದೆ. ಸಿಟ್ಟು ಮಾಡುವ ಹಕ್ಕು ಅಷ್ಟಾಗಿ ಇಲ್ಲ, ಯಾಕೆಂದರೆ ನಾನೂ ಅದನ್ನೇ ಮಾಡಿದವನು.

ಸಾಗರದ ಹತ್ತಿರ ಹೆಂಡತಿಯ ಅಕ್ಕನ ಮನೆ. ಟಾರು ರಸ್ತೆಯಿಂದ ತೋಟದ ಮನೆಗೆ ಅರ್ಧ ಕಿಲೋಮೀಟರ್ ಮಣ್ಣಿನ ಇಳಿಜಾರು. ಜುಲೈ ತಿಂಗಳು. "ಕಾರು ಮೇಲೇ ಬಿಟ್ಟು ನಡೆದು ಬಾ" ಎಂದು ಭಾವ ಫೋನಿನಲ್ಲಿ ಹೇಳಿದ್ದರು. ಕೇಳಲಿಲ್ಲ. ಎರಡನೇ ತಿರುವಿನಲ್ಲಿ ಮುಂದಿನ ಎಡ ಚಕ್ರ ಚರಂಡಿ ಬದಿಯ ಮೆತ್ತನೆ ಮಣ್ಣಿಗೆ ಇಳಿಯಿತು. ಮೊದಲು ಇಳಿದದ್ದು ನಾಲ್ಕು ಬೆರಳು ಇರಬಹುದು ಅಷ್ಟೇ. ನಾನು ಆಕ್ಸಿಲರೇಟರ್ ತುಳಿದೆ. ಇನ್ನೂ ತುಳಿದೆ. ಎರಡೇ ನಿಮಿಷದಲ್ಲಿ ಕಾರಿನ ಹೊಟ್ಟೆ ನೆಲಕ್ಕೆ ತಾಗಿ ಕೂತಿತು.

ಕೊಡೆ ಹಿಡಿದು ಬಂದ ಭಾವ ಬೈಯಲಿಲ್ಲ. "ಮೊದಲು ಆಫ್ ಮಾಡು ಮಾರಾಯ. ಇಳಿದು ನೋಡು" ಎಂದರು, ಅಷ್ಟೇ.

ಇಳಿದು ನೋಡಿದೆ. ಬಲ ಚಕ್ರ ಗಟ್ಟಿ ನೆಲದ ಮೇಲೇ ಇತ್ತು! ಆದರೂ ಅದು ಅಲ್ಲಾಡಿರಲಿಲ್ಲ. ಇದಕ್ಕೆ ಕಾರಣ ಡಿಫರೆನ್ಷಿಯಲ್. ತಿರುವಿನಲ್ಲಿ ಹೊರಗಿನ ಚಕ್ರ ಜಾಸ್ತಿ ಸುತ್ತಬೇಕಲ್ಲ, ಅದಕ್ಕೆಂದೇ ನಡುವೆ ಇಟ್ಟಿರುವ ಗೇರುಗಳು. ಅದು ಎರಡೂ ಕಡೆಗೆ ಸಮನಾದ ಬಲ ಕೊಡುತ್ತದೆ. ಕೆಸರಿನಲ್ಲಿ ಜಾರುವ ಚಕ್ರವನ್ನು ಸುತ್ತಿಸಲು ಚೂರೇ ಚೂರು ಬಲ ಸಾಕು. ಹಾಗಾಗಿ ಗಟ್ಟಿ ನೆಲದ ಮೇಲಿರುವ ಚಕ್ರಕ್ಕೂ ಸಿಗುವುದು ಆ ಚೂರೇ. ಎಷ್ಟು ತುಳಿದರೂ ಜಾರುವ ಚಕ್ರವೇ ಜೋರಾಗಿ ಸುತ್ತಿ ತನ್ನ ಗುಂಡಿ ತಾನೇ ತೋಡಿಕೊಳ್ಳುತ್ತದೆ. ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ ಫೋರ್ ಬೈ ಫೋರ್ ಇರುವವರು ನಗಬೇಡಿ. ಡಿಫರೆನ್ಷಿಯಲ್ ಲಾಕ್ (ಎರಡೂ ಬದಿಯ ಚಕ್ರ ಒಟ್ಟಿಗೇ ಸುತ್ತುವಂತೆ ಕಟ್ಟಿಹಾಕುವ ವ್ಯವಸ್ಥೆ) ಇಲ್ಲದ ಗಾಡಿಯಲ್ಲಿ ಮುಂದೊಂದು, ಹಿಂದೊಂದು ಚಕ್ರ ಜಾರಿದರೆ ನಿಮ್ಮದೂ ಇದೇ ಕತೆ.

ಆಮೇಲೆ ನಡೆದದ್ದರಲ್ಲಿ ಶಕ್ತಿಗಿಂತ ತಾಳ್ಮೆಯೇ ಜಾಸ್ತಿ. ಹಾರೆ, ಗುದ್ದಲಿ ಬಂತು. ಹೊಟ್ಟೆಯ ಕೆಳಗಿನ ಮಣ್ಣು ಕೆರೆದು ತೆಗೆದೆವು. ಜಾಕ್ ಬರೀ ಮಣ್ಣಿನ ಮೇಲಿಟ್ಟರೆ ಅದೇ ಹೂತುಹೋಗುತ್ತದೆ, ಅದಕ್ಕೆ ಅಡಿಗೆ ಹಲಗೆ. ಚಕ್ರ ಮೇಲೆದ್ದ ಮೇಲೆ ಗುಂಡಿಗೆ ಕಲ್ಲು, ಅದರ ಮೇಲೆ ಅಡಿಕೆ ದಬ್ಬೆ, ಗೋಣಿಚೀಲ. ಮುಂದಿನ ಎರಡು ಚಕ್ರಗಳ ಗಾಳಿಯ ಒತ್ತಡವನ್ನು 32 ಪಿಎಸ್ಐಯಿಂದ 20ಕ್ಕೆ ಇಳಿಸಿದೆವು. ಗಾಳಿ ಕಡಿಮೆಯಾದರೆ ಟೈರು ಅಗಲವಾಗಿ ನೆಲಕ್ಕೆ ಒರಗುತ್ತದೆ. (ಟಾರು ರಸ್ತೆಗೆ ಬಂದ ಮೇಲೆ ಮತ್ತೆ ತುಂಬಿಸಬೇಕು, ಮರೆಯಬೇಡಿ.) ನಾನು ಮುಂದಕ್ಕೇ ಹೋಗುವ ಹಟದಲ್ಲಿದ್ದೆ. "ಬಂದ ದಾರಿ ನಿನ್ನ ಭಾರ ತಡೆದಿದೆ. ಮುಂದಿನದು ಯಾರಿಗೆ ಗೊತ್ತು?" ಎಂದರು ಭಾವ. ಸ್ಟೀರಿಂಗ್ ನೇರ ಮಾಡಿ ರಿವರ್ಸ್ ಹಾಕಿ, ಕ್ಲಚ್ಚನ್ನು ನಿಧಾನಕ್ಕೆ ಬಿಟ್ಟೆ. ಮಗು ಅಂಬೆಗಾಲಿಟ್ಟ ಹಾಗೆ ಬಂತು ಕಾರು.

ಟ್ರ್ಯಾಕ್ಟರ್ ಕರೆಸಿದ್ದರೆ ಸುಲಭ ಆಗುತ್ತಿತ್ತು ಅಂತೀರಾ? ಆಗಬಹುದು. ಆದರೆ ಹಗ್ಗವನ್ನು ಬಂಪರ್‌ಗೆ ಕಟ್ಟಿ ಬಂಪರನ್ನಷ್ಟೇ ಮನೆಗೆ ತಂದವರು ನನಗೆ ಗೊತ್ತು. ತುಂಬಾ ಕಾರುಗಳಲ್ಲಿ ತಿರುಪಿ ಕೂರಿಸುವ ಕೊಕ್ಕೆಯೊಂದು ಜಾಕ್ ಜೊತೆಗೇ ಇರುತ್ತದೆ. ಒಮ್ಮೆ ಡಿಕ್ಕಿ ತೆಗೆದು ಹುಡುಕಿ. ಇನ್ನು ಬಿಗಿದ ಹಗ್ಗದ ಹತ್ತಿರ ನಿಲ್ಲುವುದು ಬರೀ ದಡ್ಡತನ. ತುಂಡಾದರೆ ಚಾಟಿಯ ಹಾಗೆ ಬೀಸಿ ಬರುತ್ತದೆ. ನಡುವೆ ಒದ್ದೆ ಗೋಣಿ ಹೊದಿಸಿ, ಜನರನ್ನು, ಮುಖ್ಯವಾಗಿ ಮಕ್ಕಳನ್ನು, ದೂರ ಕಳಿಸಿ.

ನರಗುಂದದಲ್ಲಿ ಎರಡು ವರ್ಷ ಕೆಲಸದಲ್ಲಿದ್ದೆ. ಅಲ್ಲಿಯ ಎರೆ ಮಣ್ಣಿಗೆ ಈ ವಿದ್ಯೆಯೆಲ್ಲ ಅಷ್ಟಕ್ಕಷ್ಟೇ. ಟೈರಿನ ಗೆರೆಗಳೊಳಗೆ ಅಂಟಿಕೊಂಡು ಚಕ್ರವನ್ನೇ ಉಂಡೆ ಮಾಡಿಬಿಡುತ್ತದೆ. ಅಲ್ಲಿನ ರೈತರು ಮಳೆ ಬಂದರೆ ಗಾಡಿಯನ್ನು ರಸ್ತೆಯಲ್ಲೇ ಬಿಟ್ಟು ಹೊಲಕ್ಕೆ ನಡೆದು ಹೋಗುವುದನ್ನು ನೋಡಿದ್ದೇನೆ. ಅದು ಹೆದರಿಕೆ ಅಲ್ಲ, ಲೆಕ್ಕ.

ನನ್ನ ಸಿಟ್ಟು ಶುರುವಾಗುವುದೇ ಇಲ್ಲಿ. ಹೂತ ಗಾಡಿ ಹೇಗೋ ಮೇಲೆ ಬರುತ್ತದೆ, ವಿಡಿಯೋಗೆ ಲೈಕೂ ಬೀಳುತ್ತದೆ. ಚಕ್ರ ಸುತ್ತಿಸಿ ತೋಡಿದ ಗುಂಡಿ ಮಾತ್ರ ಊರಿನವರ ಪಾಲಿಗೆ. ಮರುದಿನ ಆ ದಾರಿಯಲ್ಲಿ ಹಾಲಿನ ಕ್ಯಾನ್ ಕಟ್ಟಿಕೊಂಡು ಬೈಕಿನವನು ಬರಬೇಕು, ಶಾಲೆಗೆ ಮಕ್ಕಳು ಹೋಗಬೇಕು. ರಜೆಯಲ್ಲಿ ಕೆಸರು ಹಾರಿಸಲು ಬರುವವರು ಡಿಕ್ಕಿಯಲ್ಲಿ ಒಂದು ಗುದ್ದಲಿ ಆದರೂ ತರಬಾರದಾ?

ನಮ್ಮ ಕಾರು ಮೇಲೆ ಬಂದ ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಭಾವ ಮನೆಯಲ್ಲಿರಲಿಲ್ಲ. ಜಿಟಿಜಿಟಿ ಮಳೆಯಲ್ಲಿ ಜಂಬಿಟ್ಟಿಗೆ ಚೂರು ಹೊತ್ತುಕೊಂಡು ನಾನು ಮಾಡಿದ ಗುಂಡಿ ಮುಚ್ಚುತ್ತಿದ್ದರು. ನಾನೂ ಒಂದು ಬುಟ್ಟಿ ಎತ್ತಿಕೊಂಡೆ. ಒಟ್ಟು ಹದಿನೇಳು ಬುಟ್ಟಿ ಹಿಡಿಯಿತು.